ಕೊಟ್ಟ–ಬಿಟ್ಟ ಗೊತ್ತಿದ್ದವರಿಗೆ ಗೋ–ವೆಂಟ್: ಇಂಗ್ಲಿಷ್ ಕ್ರಿಯಾಪದಗಳ ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್ ಮಾತಾಡುವಾಗ ನಮ್ಮ ಕಡೆಯವರಿಗೆ ದೊಡ್ಡ ಪದಗಳು ತೊಡಕಾಗುವುದು ಕಡಿಮೆ. ‘ಡೆವಲಪ್‌ಮೆಂಟ್’, ‘ಎಜುಕೇಶನ್’ ಎಲ್ಲ ಸಲೀಸಾಗಿ ಬರುತ್ತವೆ. ಹೋದೆ, ಬಂದೆ, ತಿಂದೆ, ಕೇಳಿದೆ ಅನ್ನುವಂಥ ಸಣ್ಣ ಮಾತು ಬಂದಾಗ ನಾಲಿಗೆ ತಡೆಯುತ್ತದೆ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದ ಸಂದರ್ಶನಕ್ಕೆ ಕೂತ ಪದವೀಧರೆ, ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇಯಲ್ಲಿ ಹೊರರಾಜ್ಯದ ಅತಿಥಿಗೆ ದಾರಿ ಹೇಳುವ ಯಜಮಾನರು, ಸಾಗರದ ಕಾಲೇಜಿನಲ್ಲಿ ಸೆಮಿನಾರ್ ಕೊಡುವ ಹುಡುಗ, ಮೂವರೂ ನಿಲ್ಲುವುದು ಒಂದೇ ಕಡೆ: ವೆಂಟೋ ಗಾನೋ? ಸೆಡ್ಡೋ ಟೋಲ್ಡೋ?

ಇದಕ್ಕೆ ನಾವು ಹೇಳುತ್ತ ಬಂದಿರುವ ಮದ್ದು ಗೈಡಿನ ಹಿಂದಿನ ಪುಟದ ಉದ್ದ ಪಟ್ಟಿ. ‘ಎ’ ಅಕ್ಷರದಿಂದ ಶುರುಮಾಡಿ ಬಾಯಿಪಾಠ ಮಾಡು ಅನ್ನುತ್ತೇವೆ. ಮಗು ‘ಬಿ’ ಮುಗಿಸಿ ‘ಸಿ’ಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಅಕ್ಷರಮಾಲೆಯ ಕ್ರಮದಲ್ಲಿ ಅಕ್ಕಪಕ್ಕ ಕೂತ ಕ್ರಿಯಾಪದಗಳಿಗೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಸಂಬಂಧವಿಲ್ಲದ್ದು ನೆನಪಿನಲ್ಲಿ ನಿಲ್ಲುವುದೂ ಇಲ್ಲ. ಆ ಪಟ್ಟಿ ಅನುಮಾನ ಬಂದಾಗ ತೆಗೆದು ನೋಡಲಿಕ್ಕೆ ಒಳ್ಳೆಯದು, ಕಲಿಯಲಿಕ್ಕೆ ಅಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕನ್ನಡದಲ್ಲಿ ಬೆಳೆದವರ ಹತ್ತಿರ ಇದಕ್ಕಿಂತ ಒಳ್ಳೆಯ ಸಾಧನಗಳು ಆಗಲೇ ಇವೆ. ನಮ್ಮ ಭಾಷೆಯಲ್ಲೂ ನಿಯಮ ಮೀರಿದ ಕ್ರಿಯಾಪದಗಳಿವೆ, ‘ಇಸು’ ಪ್ರತ್ಯಯವಿದೆ, ‘ಹೋಗಲಿಲ್ಲ’ ಅನ್ನುವ ರೂಪವಿದೆ. ಇಂಗ್ಲಿಷಿನ ಬಹುಪಾಲು ಗೊಂದಲಗಳನ್ನು ಇವುಗಳಿಂದಲೇ ಬಿಡಿಸಬಹುದು. ಕನ್ನಡ ದಾರಿ ತಪ್ಪಿಸುವ ಜಾಗಗಳೂ ಇವೆ, ಅವನ್ನೂ ತೋರಿಸುತ್ತೇನೆ. ಓದುವಾಗ ಒಂದು ಸಂಗತಿ ಗಮನದಲ್ಲಿರಲಿ: ‘ಝ’ ಎಂದು ಬರೆದ ಕಡೆ ಇಂಗ್ಲಿಷಿನ ಝಡ್ ಸದ್ದು ಹೊರಡಿಸಬೇಕು.

ಮೊದಲ ಹೆಜ್ಜೆ: ಮೂರು ರೂಪ, ಮೂರು ಜಾಗ

ಕೋಚಿಂಗ್ ಕ್ಲಾಸಿನಲ್ಲಿ ‘ವಿ ಒನ್, ವಿ ಟೂ, ವಿ ಥ್ರೀ’ ಅಂತ ಕರೆಯುವ ಮೂರು ರೂಪಗಳಿಗೆ ಮೂರು ಜಾಗಗಳಿವೆ. ಗೋ–ವೆಂಟ್–ಗಾನ್ ತೆಗೆದುಕೊಳ್ಳಿ. ಮೊದಲ ರೂಪ ದಿನಾ ನಡೆಯುವುದಕ್ಕೆ: ‘ಐ ಗೋ ಟು ದ ಮಾರ್ಕೆಟ್ ಎವ್ರಿ ಟ್ಯೂಸ್‌ಡೇ’. ಹಿ, ಶಿ, ಇಟ್ ಬಂದರೆ ‘ಗೋಸ್’ ಆಗುತ್ತದೆ. ಎರಡನೆಯದು ಮುಗಿದು ಹೋದ ಸಂಗತಿಗೆ: ‘ಐ ವೆಂಟ್ ಯೆಸ್ಟರ್ಡೇ’. ಇದಕ್ಕೆ ಯಾರ ಆಸರೆಯೂ ಬೇಡ. ಮೂರನೆಯದು ಒಂಟಿಯಾಗಿ ನಿಲ್ಲಲಾರದು. ಹಿಂದೆ ಹ್ಯಾವ್, ಹ್ಯಾಸ್, ಹ್ಯಾಡ್ ಇರಬೇಕು, ಇಲ್ಲವೇ ಕರ್ಮಣಿ ಪ್ರಯೋಗದಲ್ಲಿ ಈಝ್, ವಾಝ್, ವರ್ ಇರಬೇಕು. ‘ಐ ಸೀನ್ ಹಿಮ್’, ‘ಐ ಡನ್ ಇಟ್’ ತಪ್ಪಾಗುವುದು ಇದೇ ಕಾರಣಕ್ಕೆ. ‘ಐ ಸಾ ಹಿಮ್’ ಅನ್ನಬೇಕು, ಅಥವಾ ‘ಐ ಹ್ಯಾವ್ ಸೀನ್ ಹಿಮ್’.

‘ಹಿ ಬಾರ್ನ್ ಇನ್ ತೀರ್ಥಹಳ್ಳಿ’ ಎನ್ನುವುದೂ ಇದೇ ಜಾತಿಯ ತಪ್ಪು. ಬಾರ್ನ್ ಮೂರನೇ ರೂಪ, ಹಿಂದೆ ವಾಝ್ ಬೇಕು: ‘ಕುವೆಂಪು ವಾಝ್ ಬಾರ್ನ್ ಇನ್ 1904 ಅಂಡ್ ಗ್ರೂ ಅಪ್ ಇನ್ ಕುಪ್ಪಳಿ’.

ಎರಡನೇ ಹೆಜ್ಜೆ: ನಿಯಮಿತ ಕ್ರಿಯಾಪದಗಳು, ಮುಖ್ಯವಾಗಿ ಉಚ್ಚಾರ

ಕೊನೆಗೆ ‘ಇ ಡಿ’ ಸೇರಿಸಿದರೆ ಎರಡನೇ, ಮೂರನೇ ರೂಪ ಎರಡೂ ಸಿದ್ಧವಾಗುವ ಕ್ರಿಯಾಪದಗಳು ನಿಯಮಿತ. ಅಡಿಕೆ ಸುಗ್ಗಿಯ ಕೆಲಸವನ್ನೇ ತೆಗೆದುಕೊಂಡರೆ ಅಭ್ಯಾಸಕ್ಕೆ ಬೇಕಾದಷ್ಟು ಸಿಗುತ್ತವೆ. ಕೊಯ್ದೆವು: ಹಾರ್ವೆಸ್ಟೆಡ್. ಸುಲಿದೆವು: ಪೀಲ್ಡ್. ಬೇಯಿಸಿದೆವು: ಬಾಯ್ಲ್ಡ್. ಒಣಗಿಸಿದೆವು: ಡ್ರೈಡ್. ಆರಿಸಿದೆವು: ಸಾರ್ಟೆಡ್. ಮೂಟೆ ಕಟ್ಟಿದೆವು: ಪ್ಯಾಕ್ಡ್. ಮಂಡಿಗೆ ಹೋದ ಮೇಲೆ ಮಾತ್ರ ನಿಯಮ ಮೀರುತ್ತದೆ: ಟುಕ್, ಸೋಲ್ಡ್, ಗಾಟ್.

ಬರೆಯುವಾಗ ಎಲ್ಲಕ್ಕೂ ಅದೇ ‘ಇ ಡಿ’ ಇದ್ದರೂ ಸದ್ದು ಮೂರು ಬಗೆ. ನಮ್ಮಲ್ಲಿ ಹೆಚ್ಚಿನವರು ‘ವಾಕೆಡ್’, ‘ಹೆಲ್ಪೆಡ್’, ‘ವಾಶೆಡ್’ ಅನ್ನುತ್ತಾರೆ. ಹೊರಗಿನವರ ಕಿವಿಗೆ ಮೊದಲು ತಾಗುವುದು ಇದು, ತಿದ್ದಿಕೊಳ್ಳಲಿಕ್ಕೂ ಸುಲಭ. ಗಂಟಲಿನ ಮೇಲೆ ಬೆರಳಿಟ್ಟು ಕ್ರಿಯಾಪದದ ಕೊನೆಯ ಸದ್ದು ಹೊರಡಿಸಿ. ಕಂಪನ ಇಲ್ಲದಿದ್ದರೆ (ಪ್, ಕ್, ಫ್, ಸ್, ಶ್, ಚ್) ಕೊನೆಗೆ ‘ಟ್’ ಬರುತ್ತದೆ: ವಾಕ್ಟ್, ಹೆಲ್ಪ್ಟ್, ವಾಶ್ಟ್, ಲಾಫ್ಟ್. ಕಂಪನ ಇದ್ದರೆ ‘ಡ್’: ಕಾಲ್ಡ್, ಓಪನ್ಡ್, ಕ್ಲೀನ್ಡ್, ಪ್ಲೇಡ್. ಕ್ರಿಯಾಪದವೇ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದರೆ ಮಾತ್ರ ಇನ್ನೊಂದು ಸ್ವರ ಸೇರಿ ‘ಇಡ್’ ಆಗುತ್ತದೆ: ವಾಂಟಿಡ್, ಪ್ಲಾಂಟಿಡ್, ನೀಡಿಡ್, ವೇಟಿಡ್. ಉಳಿದ ಯಾವುದರಲ್ಲೂ ಆ ಸ್ವರವಿಲ್ಲ. ಪಟ್ಟಿ ಬೇಡ, ಗಂಟಲೇ ಹೇಳುತ್ತದೆ.

ಕಾಗುಣಿತದಲ್ಲಿ ನೆನಪಿಡಬೇಕಾದ್ದು ಸ್ವಲ್ಪ. ಕೊನೆಯಲ್ಲಿ ‘ಇ’ ಇದ್ದರೆ ಬರೀ ‘ಡಿ’ ಸಾಕು. ವ್ಯಂಜನದ ನಂತರ ‘ವೈ’ ಇದ್ದರೆ ಅದು ‘ಐ’ ಆಗಿ ‘ಇ ಡಿ’ ಸೇರುತ್ತದೆ: ಸ್ಟಡಿ, ಕ್ಯಾರಿ, ಡ್ರೈ. ಪ್ಲೇ, ಎಂಜಾಯ್ ಇವುಗಳಲ್ಲಿ ‘ವೈ’ ಹಿಂದೆ ಸ್ವರಾಕ್ಷರ ಇರುವುದರಿಂದ ಬದಲಾವಣೆ ಇಲ್ಲ. ಸ್ಟಾಪ್, ಪ್ಲ್ಯಾನ್‌ನಂಥ ಕೊನೆಯಲ್ಲಿ ಒಂದೇ ಸ್ವರಾಕ್ಷರ, ಅದರ ಬೆನ್ನಿಗೆ ಒಂದೇ ವ್ಯಂಜನ ಇರುವ ಒಂದೇ ಉಸಿರಿನ (ಒಂದೇ ಸಿಲೆಬಲ್ಲಿನ) ಪದಗಳಲ್ಲಿ ಕೊನೆಯ ಅಕ್ಷರ ಎರಡಾಗುತ್ತದೆ. ಎರಡು ಉಸಿರಿನ ಪದವಾದರೆ ಒತ್ತು ಎಲ್ಲಿದೆ ನೋಡಿ. ಅಡ್ಮಿಟ್‌ನಲ್ಲಿ ಒತ್ತು ಕೊನೆಯಲ್ಲಿದೆ, ಅಲ್ಲಿ ‘ಟಿ’ ಎರಡು. ವಿಝಿಟ್‌ನಲ್ಲಿ ಮೊದಲಲ್ಲಿದೆ, ‘ಟಿ’ ಒಂದೇ. ಟ್ರಾವೆಲ್ಡ್ ಬರೆಯುವಾಗ ಎರಡು ‘ಎಲ್’ ಬ್ರಿಟಿಷ್ ರೂಢಿ, ಒಂದು ‘ಎಲ್’ ಅಮೆರಿಕದ್ದು. ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ರೂಢಿಯವು, ಎರಡೇ ಬರೆಯಿರಿ.

ಮೂರನೇ ಹೆಜ್ಜೆ: ಅನಿಯಮಿತಗಳನ್ನು ಸದ್ದಿನ ಮನೆತನವಾಗಿ ಕಲಿಯುವುದು

ಕೊಡು–ಕೊಟ್ಟ, ಇಡು–ಇಟ್ಟ, ಬಿಡು–ಬಿಟ್ಟ, ಸುಡು–ಸುಟ್ಟ, ನೆಡು–ನೆಟ್ಟ. ಏಳು–ಎದ್ದ, ಬೀಳು–ಬಿದ್ದ. ತಿನ್ನು–ತಿಂದ, ಅನ್ನು–ಅಂದ. ಆದರೆ ಮಾಡು–ಮಾಡಿದ, ನೋಡು–ನೋಡಿದ, ಹಾಡು–ಹಾಡಿದ. ಇವನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ಒಂದೇ ತೆರನಾಗಿ ಕೇಳಿಸುವವು ಒಟ್ಟಾಗಿ ಕಿವಿಯಲ್ಲಿ ಕೂತವು. ಎಳೆ ಮಕ್ಕಳು ‘ಕೊಡಿದ’ ಅಂದಾಗ ಅಜ್ಜಿ ನಕ್ಕು ‘ಕೊಟ್ಟ’ ಅಂದಳು, ಅಷ್ಟೆ. ಇಂಗ್ಲಿಷನ್ನೂ ಹಾಗೆಯೇ ಸದ್ದಿನಿಂದ ಗುಂಪು ಮಾಡಿ ಕಲಿಯಬೇಕು.

ಈ ಅನಿಯಮ ಎಲ್ಲಿಂದ ಬಂತು ಅಂತ ಗೊತ್ತಾದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ದಿನಕ್ಕೆ ಹತ್ತಾರು ಸಲ ಬಾಯಿಗೆ ಬರುವ ಪದಗಳು ಹಳೆಯ ರೂಪವನ್ನು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಬಳಕೆಯಲ್ಲಿ ಎಲ್ಲಕ್ಕಿಂತ ಮುಂದಿರುವ ಬಿ, ಹ್ಯಾವ್, ಡೂ, ಸೇ, ಮೇಕ್, ಗೋ, ಟೇಕ್, ಕಮ್, ಸೀ, ಗೆಟ್ ಹತ್ತೂ ಅನಿಯಮಿತ. ನಮ್ಮಲ್ಲೂ ಬರು, ಹೋಗು, ಕೊಡು, ತಿನ್ನು ಇವೇ ನಿಯಮ ಮೀರಿದವು. ಬಳಕೆ ಕಡಿಮೆಯಾದವು ಕಾಲಕ್ರಮದಲ್ಲಿ ‘ಇ ಡಿ’ ಕಡೆಗೆ ಸರಿದವು. ‘ಹೆಲ್ಪ್’ಗೆ ಒಂದು ಕಾಲದಲ್ಲಿ ‘ಹೋಲ್ಪ್’ ಅನ್ನುವ ಭೂತರೂಪವಿತ್ತು. ‘ವೆಂಟ್’ ಮೂಲತಃ ‘ವೆಂಡ್’ ಎಂಬ ಬೇರೆಯೇ ಕ್ರಿಯಾಪದದ ಭೂತರೂಪ, ‘ಗೋ’ದ ಜೊತೆ ಬಂದು ಸೇರಿಕೊಂಡದ್ದು. ಹೊಸದಾಗಿ ಹುಟ್ಟುವ ಕ್ರಿಯಾಪದಗಳೆಲ್ಲ ನಿಯಮಿತವೇ: ಡೌನ್‌ಲೋಡೆಡ್, ಗೂಗಲ್ಡ್. ಕನ್ನಡದಲ್ಲೂ ಟೈಪಿಸಿದ, ಫೋನಾಯಿಸಿದ ಅನ್ನುತ್ತೇವಲ್ಲ, ಅದೇ ಹಾದಿ. ಹಾಗಾಗಿ ಹೊಸ ಪದ ಕಂಡು ಅನುಮಾನ ಬಂದರೆ ಧೈರ್ಯವಾಗಿ ‘ಇ ಡಿ’ ಹಚ್ಚಿ.

ಮೊದಲ ಗುಂಪಿಗೆ ಶ್ರಮವೇ ಇಲ್ಲ, ಮೂರು ರೂಪವೂ ಒಂದೇ: ಕಟ್, ಪುಟ್, ಹಿಟ್, ಶಟ್, ಹರ್ಟ್, ಕಾಸ್ಟ್, ಲೆಟ್, ಸೆಟ್, ಸ್ಪ್ರೆಡ್. ‘ಕಟ್ಟೆಡ್’, ‘ಪುಟ್ಟೆಡ್’ ಅನ್ನುವುದು ಇಲ್ಲ. ಸ್ಪ್ರೆಡ್ ನಮಗೆ ಬಹಳ ಬೇಕಾದ ಪದ. ಅಡಿಕೆಗೆ ಕೊಳೆ ರೋಗ ಹರಡಿತು ಅನ್ನಲು ‘ದ ಡಿಸೀಝ್ ಸ್ಪ್ರೆಡ್’. ಆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದೆವು ಅನ್ನಲು ‘ವಿ ಸ್ಪ್ರೇಡ್ ಬೋರ್ಡೋ ಮಿಕ್ಸ್ಚರ್’. ಸ್ಪ್ರೇ ನಿಯಮಿತ, ಸ್ಪ್ರೆಡ್ ಬದಲಾಗದ್ದು. ಸದ್ದು ಹತ್ತಿರವಿರುವುದರಿಂದ ಕೃಷಿ ವಿಷಯ ಮಾತಾಡುವವರು ಎರಡನ್ನೂ ಕಲಸುತ್ತಾರೆ. ಇದೇ ಗುಂಪಿನ ಪಕ್ಕದಲ್ಲಿ ‘ರೀಡ್’ ಇದೆ: ಬರೆಯುವುದು ಮೂರೂ ಕಡೆ ಒಂದೇ ರೀತಿ, ಓದುವುದು ರೀಡ್–ರೆಡ್–ರೆಡ್.

ಎರಡನೇ ಗುಂಪಿನಲ್ಲಿ ಎರಡನೇ, ಮೂರನೇ ರೂಪ ಒಂದೇ. ಇದು ದೊಡ್ಡ ಗುಂಪು, ಒಳಗೇ ಸಣ್ಣ ಮನೆತನಗಳಿವೆ. ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಸ್ವೀಪ್–ಸ್ವೆಪ್ಟ್, ಫೀಲ್–ಫೆಲ್ಟ್, ಲೀವ್–ಲೆಫ್ಟ್ ಒಂದು ಮನೆ. ಸೆಂಡ್–ಸೆಂಟ್, ಸ್ಪೆಂಡ್–ಸ್ಪೆಂಟ್, ಲೆಂಡ್–ಲೆಂಟ್, ಬಿಲ್ಡ್–ಬಿಲ್ಟ್ ಇನ್ನೊಂದು. ಸೆಲ್–ಸೋಲ್ಡ್, ಟೆಲ್–ಟೋಲ್ಡ್ ಜೋಡಿ. ಮೀಟ್–ಮೆಟ್, ಫೀಡ್–ಫೆಡ್, ಲೀಡ್–ಲೆಡ್ ಮತ್ತೊಂದು. ಸಕ್ರೆಬೈಲಿನ ಆನೆ ಬಿಡಾರ ನೋಡಿ ಬಂದ ಮಕ್ಕಳಿಗೆ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಸಬಹುದು: ‘ವಿ ಮೆಟ್ ದ ಮಾವುತ, ಹಿ ಲೆಡ್ ದ ಎಲಿಫೆಂಟ್ ಟು ದ ರಿವರ್ ಅಂಡ್ ಫೆಡ್ ಇಟ್’.

ಈ ಗುಂಪಿನಲ್ಲಿ ತಲೆನೋವು ಕೊಡುವ ಮನೆತನ ಥಿಂಕ್–ಥಾಟ್, ಟೀಚ್–ಟಾಟ್, ಕ್ಯಾಚ್–ಕಾಟ್, ಫೈಟ್–ಫಾಟ್, ಬೈ–ಬಾಟ್, ಬ್ರಿಂಗ್–ಬ್ರಾಟ್. ಕೊನೆಯ ಎರಡು ಅದಲುಬದಲಾಗುತ್ತವೆ. ಕನ್ನಡದಲ್ಲಿ ಬರೆದು ನೋಡಿ: ಬೈ, ಬಾಟ್, ಎರಡರಲ್ಲೂ ‘ರ’ ಒತ್ತಿಲ್ಲ, ಬ್ರಿಂಗ್, ಬ್ರಾಟ್, ಎರಡರಲ್ಲೂ ಇದೆ. ದುಡ್ಡು ಕೊಟ್ಟು ಕೊಂಡರೆ ಒತ್ತಿಲ್ಲದ್ದು, ಕೈಯಲ್ಲಿ ಹಿಡಿದು ತಂದರೆ ಒತ್ತಿರುವುದು.

ಮೂರನೇ ಗುಂಪಿನಲ್ಲಿ ಮೂರು ರೂಪವೂ ಬೇರೆ. ಇಲ್ಲಿ ಸ್ವರ ಇಳಿಯುವ ಮನೆತನ ಕೇಳಲಿಕ್ಕೇ ಚೆನ್ನ: ಬಿಗಿನ್–ಬಿಗ್ಯಾನ್–ಬಿಗನ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್, ಸಿಂಗ್–ಸ್ಯಾಂಗ್–ಸಂಗ್, ಸ್ವಿಮ್–ಸ್ವ್ಯಾಮ್–ಸ್ವಮ್, ರಿಂಗ್–ರ್‍ಯಾಂಗ್–ರಂಗ್. ಇಲ್ಲೊಂದು ಎಚ್ಚರ: ಬ್ರಿಂಗ್ ಇವರ ಜೊತೆ ಕೇಳಿಸಿದರೂ ಇವರ ಮನೆಯದ್ದಲ್ಲ. ಕೊನೆಗೆ ‘ನ್’ ಬರುವ ಮನೆತನ ಬ್ರೇಕ್–ಬ್ರೋಕ್–ಬ್ರೋಕನ್, ಸ್ಪೀಕ್–ಸ್ಪೋಕ್–ಸ್ಪೋಕನ್, ಚೂಝ್–ಚೋಝ್–ಚೋಝನ್, ರೈಟ್–ರೋಟ್–ರಿಟನ್, ಡ್ರೈವ್–ಡ್ರೋವ್–ಡ್ರಿವನ್, ಬೈಟ್–ಬಿಟ್–ಬಿಟನ್. ಮಳೆಗಾಲದಲ್ಲಿ ಕಾಲಿಗೆ ಉಂಬಳ ಕಚ್ಚಿದ ಅತಿಥಿಗೆ ಸಮಾಧಾನ ಹೇಳುವಾಗ ‘ಎ ಲೀಚ್ ಬಿಟ್ ಯು’ ಅನ್ನಬೇಕು, ‘ಬೈಟೆಡ್’ ಅಲ್ಲ. ನೋ–ನ್ಯೂ–ನೋನ್, ಗ್ರೋ–ಗ್ರೂ–ಗ್ರೋನ್, ಥ್ರೋ–ಥ್ರೂ–ಥ್ರೋನ್, ಬ್ಲೋ–ಬ್ಲೂ–ಬ್ಲೋನ್, ಫ್ಲೈ–ಫ್ಲೂ–ಫ್ಲೋನ್ ಇನ್ನೊಂದು ಸಾಲು. ‘ಫ್ಲೋ’ ಮಾತ್ರ ಈ ಸಾಲಿಗೆ ಸೇರದು, ಅದು ನಿಯಮಿತ. ಮಂಡಗದ್ದೆಯಲ್ಲಿ ಹಕ್ಕಿಗಳು ‘ಫ್ಲೂ’, ಕೆಳಗೆ ತುಂಗೆ ‘ಫ್ಲೋಡ್’.

ಕಮ್–ಕೇಮ್–ಕಮ್, ಬಿಕಮ್–ಬಿಕೇಮ್–ಬಿಕಮ್, ರನ್–ರ್‍ಯಾನ್–ರನ್ ಈ ಮೂರು ಮೊದಲ ರೂಪಕ್ಕೇ ಮರಳುತ್ತವೆ. ‘ಹಿ ಹ್ಯಾಸ್ ಕೇಮ್’ ಅನ್ನುವ ತಪ್ಪು ಎಲ್ಲ ಕಡೆ ಕೇಳುತ್ತದೆ. ‘ಹಿ ಹ್ಯಾಸ್ ಕಮ್’ ಸರಿ.

ದಿನಕ್ಕೆ ಒಂದು ಮನೆತನ ಸಾಕು. ನಿಮ್ಮ ಊರಿನ, ನಿಮ್ಮ ಮನೆಯ ಸಂಗತಿ ಇರುವ ವಾಕ್ಯದೊಳಗೆ ಅದನ್ನು ಕೂರಿಸಿ, ಜೋರಾಗಿ ಹೇಳಿ. ಮನಸ್ಸಿನಲ್ಲೇ ಓದಿಕೊಂಡದ್ದು ಬಾಯಿಗೆ ಬರುವುದಿಲ್ಲ.

ನಾಲ್ಕನೇ ಹೆಜ್ಜೆ: ‘ಡಿಡ್’ ಬಂದ ಕೂಡಲೇ ಮೊದಲ ರೂಪ

‘ಐ ಡಿಡ್ ನಾಟ್ ವೆಂಟ್.’ ಇಂಗ್ಲಿಷಿನಲ್ಲಿ ನಮ್ಮವರು ಮಾಡುವ ತಪ್ಪುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಕನ್ನಡದಲ್ಲಿ ನಾವು ಈ ತಪ್ಪನ್ನು ಎಂದೂ ಮಾಡುವುದಿಲ್ಲ. ಹೋದೆ ಎಂಬುದರ ನಿಷೇಧ ‘ಹೋಗಲಿಲ್ಲ’, ತಿಂದೆ ಎಂಬುದರದ್ದು ‘ತಿನ್ನಲಿಲ್ಲ’, ಕೊಟ್ಟೆ ಎಂಬುದರದ್ದು ‘ಕೊಡಲಿಲ್ಲ’. ‘ಕೊಟ್ಟಲಿಲ್ಲ’ ಅಂತ ಯಾರಾದರೂ ಅಂದರೆ ಕಿವಿ ನಿಮಿರುತ್ತದೆ. ಇಲ್ಲ ಅನ್ನುವಾಗ ಕ್ರಿಯಾಪದ ತನ್ನ ಮೂಲಕ್ಕೆ ಮರಳುವುದು ಎರಡೂ ಭಾಷೆಯಲ್ಲಿ ಒಂದೇ ರೀತಿ. ಹೋಗಲಿಲ್ಲ: ಡಿಡ್ ನಾಟ್ ಗೋ. ತಿನ್ನಲಿಲ್ಲ: ಡಿಡ್ ನಾಟ್ ಈಟ್. ಬರಲಿಲ್ಲ: ಡಿಡ್ ನಾಟ್ ಕಮ್. ‘ಡಿಡ್ ನಾಟ್’ ಅನ್ನುವ ಮುಂಚೆ ಮನಸ್ಸಿನಲ್ಲಿ ಒಮ್ಮೆ ‘-ಲಿಲ್ಲ’ ಅಂದುಕೊಳ್ಳಿ, ರೂಪ ತಾನೇ ಸರಿಹೋಗುತ್ತದೆ.

ಪ್ರಶ್ನೆಯಲ್ಲಿ ಮಾತ್ರ ಕನ್ನಡ ಕೈಬಿಡುತ್ತದೆ. ‘ಹೋದೆಯಾ?’ ಅನ್ನುವಾಗ ನಾವು ಭೂತರೂಪವನ್ನೇ ಉಳಿಸಿಕೊಳ್ಳುತ್ತೇವೆ. ಅದೇ ಅಭ್ಯಾಸದಲ್ಲಿ ‘ಡಿಡ್ ಯು ವೆಂಟ್?’ ಹೊರಡುತ್ತದೆ. ‘ಡಿಡ್’ ಆಗಲೇ ಭೂತಕಾಲವನ್ನು ಹೊತ್ತಿರುವುದರಿಂದ ‘ಡಿಡ್ ಯು ಗೋ?’ ಸಾಕು.

ಐದನೇ ಹೆಜ್ಜೆ: ‘ಹೋಗಿದ್ದೆ’ ಎಂದರೆ ‘ಹ್ಯಾಡ್ ಗಾನ್’ ಅಲ್ಲ

ಇಲ್ಲಿ ಕನ್ನಡ ನಮ್ಮನ್ನು ಪೂರ್ತಿ ದಾರಿ ತಪ್ಪಿಸುತ್ತದೆ. ‘ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ’ ಅನ್ನುವುದು ನಮಗೆ ಸಹಜ. ಹೋಗಿ ಬಂದೆ ಅನ್ನುವ ಭಾವ ಅದರಲ್ಲಿದೆ. ಅದನ್ನೇ ‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಶಿವಮೊಗ್ಗ’ ಅಂತ ತಿರುಗಿಸುತ್ತೇವೆ. ಇಂಗ್ಲಿಷ್ ಕೇಳುಗ ಆಮೇಲೆ ಇನ್ನೇನೋ ನಡೆಯಿತು ಅಂತ ಕಾಯುತ್ತ ಕೂರುತ್ತಾನೆ. ‘ಹ್ಯಾಡ್ ಗಾನ್’ ಬರುವುದು ಕಳೆದುಹೋದ ಎರಡು ಸಂಗತಿಗಳಿದ್ದು, ಅದರಲ್ಲಿ ಮೊದಲು ನಡೆದದ್ದನ್ನು ಹೇಳುವಾಗ: ‘ವೆನ್ ಐ ರೀಚ್ಡ್ ದ ಬಸ್ ಸ್ಟ್ಯಾಂಡ್, ದ ಲಾಸ್ಟ್ ಬಸ್ ಹ್ಯಾಡ್ ಗಾನ್’. ಸಂಗತಿ ಒಂದೇ ಆದರೆ ‘ಐ ವೆಂಟ್’ ಅಷ್ಟೇ.

‘ನಿನ್ನೆ ನೋಡಿದ್ದೇನೆ’ ಕನ್ನಡದಲ್ಲಿ ನಡೆಯುತ್ತದೆ, ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ನಡೆಯುವುದಿಲ್ಲ. ನಿನ್ನೆ, ಹೋದ ವಾರ, 1990ರಲ್ಲಿ ಅನ್ನುವಂಥ ಮುಗಿದ ಕಾಲ ಬಂದರೆ ಎರಡನೇ ರೂಪವೇ ಬೇಕು. ಯಾವಾಗ ಅಂತ ಹೇಳದೆ ಅನುಭವ ಮಾತ್ರ ಹೇಳುವಾಗ ಹ್ಯಾವ್ ಬರುತ್ತದೆ: ‘ಐ ಹ್ಯಾವ್ ಸೀನ್ ಜೋಗ್ ಇನ್ ದ ಮಾನ್ಸೂನ್’.

‘ಐ ಆಮ್ ಹ್ಯಾವಿಂಗ್ ಟೂ ಏಕರ್ಸ್’, ‘ಐ ಆಮ್ ನೋಯಿಂಗ್ ಹಿಮ್’ ಇವನ್ನೂ ಬಿಡಬೇಕು. ಇರುವುದಕ್ಕೆ, ಗೊತ್ತಿರುವುದಕ್ಕೆ ಐಎನ್‌ಜಿ ಬೇಡ: ‘ಐ ಹ್ಯಾವ್’, ‘ಐ ನೋ’.

ಆರನೇ ಹೆಜ್ಜೆ: ‘ಇಸು’ ಹಾಕಿ ನೋಡುವುದು

ಲೈ ಮತ್ತು ಲೇ, ರೈಝ್ ಮತ್ತು ರೇಝ್. ಇಂಗ್ಲಿಷ್ ಮಾತೃಭಾಷೆಯಾದವರೇ ಈ ಜೋಡಿಗಳಲ್ಲಿ ತಪ್ಪುತ್ತಾರೆ, ಏಕೆಂದರೆ ಆ ವ್ಯತ್ಯಾಸ ಅವರ ಭಾಷೆಯಲ್ಲಿ ಕೆಲವೇ ಪದಗಳಲ್ಲಿ ಉಳಿದಿದೆ. ನಮ್ಮಲ್ಲಿ ಅದು ದಿನನಿತ್ಯದ ವ್ಯಾಕರಣ. ಮಲಗು, ಮಲಗಿಸು. ಏರು, ಏರಿಸು. ಬೀಳು, ಬೀಳಿಸು. ಕಲಿ, ಕಲಿಸು. ತಾನೇ ಆಗುವುದಕ್ಕೆ ಬರಿಯ ಧಾತು, ಇನ್ನೊಂದನ್ನು ಹಾಗೆ ಮಾಡುವುದಕ್ಕೆ ‘ಇಸು’. ಈ ಗೆರೆ ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು, ಉಳಿದದ್ದು ರೂಪಗಳು.

ಲೈ–ಲೇ–ಲೇನ್ ಎಂದರೆ ಮಲಗು, ಒರಗಿರು. ಲೇ–ಲೇಡ್–ಲೇಡ್ ಎಂದರೆ ಮಲಗಿಸು, ಇಡು, ಹಾಸು. ತೊಡಕು ಇರುವುದು ಒಂದೇ ಜಾಗದಲ್ಲಿ: ಮಲಗು ಎಂಬುದರ ಭೂತರೂಪವೂ, ಮಲಗಿಸು ಎಂಬುದರ ಮೊದಲ ರೂಪವೂ ‘ಲೇ’. ಆದ್ದರಿಂದ ‘ಏನನ್ನು?’ ಅಂತ ಕೇಳಿ. ‘ಮೈ ಮದರ್ ಲೇಡ್ ದ ಬೇಬಿ ಇನ್ ದ ಕ್ರೇಡಲ್’: ಏನನ್ನು ಅಂದರೆ ಮಗುವನ್ನು, ಉತ್ತರ ಸಿಕ್ಕಿತು, ಲೇಡ್ ಸರಿ. ‘ದ ಡಾಗ್ ಲೇ ಆನ್ ದ ವೆರಾಂಡಾ ಆಲ್ ಡೇ ಯೆಸ್ಟರ್ಡೇ’: ಏನನ್ನು ಅಂದರೆ ಉತ್ತರವಿಲ್ಲ, ನಾಯಿ ತಾನೇ ಮಲಗಿತ್ತು, ಲೇ ಸರಿ. ಕೋಳಿ ಮೊಟ್ಟೆಯನ್ನು ಇಡುತ್ತದೆ, ಹಾಗಾಗಿ ‘ಲೇಡ್ ಆ್ಯನ್ ಎಗ್’. ನಾನು ಮಲಗಿದ್ದೇನೆ ಅನ್ನಲು ‘ಐ ಆಮ್ ಲೈಯಿಂಗ್ ಡೌನ್’. ‘ಲೇಯಿಂಗ್’ ಅಂದರೆ ಏನನ್ನೋ ಹಾಸುತ್ತಿದ್ದೀರಿ. ಸುಳ್ಳು ಹೇಳು ಅನ್ನುವ ಇನ್ನೊಂದು ಲೈ ಇದೆ, ಅದು ನಿಯಮಿತ: ಲೈ–ಲೈಡ್–ಲೈಡ್.

ರೈಝ್–ರೋಝ್–ರಿಝನ್ ತಾನೇ ಏಳುವುದು, ಏರುವುದು. ರೇಝ್–ರೇಝ್ಡ್–ರೇಝ್ಡ್ ಎತ್ತುವುದು, ಏರಿಸುವುದು. ಮಳೆಗಾಲದಲ್ಲಿ ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತೇ ಅಂತ ನೋಡಲು ಹೋಗುತ್ತಾರಲ್ಲ, ಆ ಸಂಗತಿಯನ್ನು ಹೀಗೆ ಹೇಳಬಹುದು: ‘ದ ತುಂಗಾ ರೋಝ್ ಅಂಡ್ ಕವರ್ಡ್ ದ ಮಂಟಪ’. ಗಾಜನೂರಿನ ತುಂಗಾ ಅಣೆಕಟ್ಟಿನಲ್ಲಿ ಗೇಟುಗಳನ್ನು ಎತ್ತಿದರೆ ‘ದೇ ರೇಝ್ಡ್ ದ ಗೇಟ್ಸ್’. ಬೆಲೆ ತಾನೇ ಏರಿದರೆ ‘ಪ್ರೈಸಸ್ ರೋಝ್’, ಅಂಗಡಿಯವರು ಏರಿಸಿದರೆ ‘ದೇ ರೇಝ್ಡ್ ಪ್ರೈಸಸ್’.

ಮಲೆನಾಡಿಗೆ ಇನ್ನೊಂದು ಜೋಡಿ ತೀರ ಹತ್ತಿರದ್ದು. ಫಾಲ್–ಫೆಲ್–ಫಾಲನ್ ಬೀಳುವುದು. ಫೆಲ್–ಫೆಲ್ಡ್–ಫೆಲ್ಡ್ ಮರ ಕಡಿದು ಬೀಳಿಸುವುದು. ಗಾಳಿಗೆ ಮರ ಬಿದ್ದರೆ ‘ದ ಟ್ರೀ ಫೆಲ್’. ಕಡಿದರೆ ‘ದೇ ಫೆಲ್ಡ್ ದ ಟ್ರೀ’. ಅರಣ್ಯ ಇಲಾಖೆಯ ಜೊತೆ ವ್ಯವಹಾರ ಇರುವವರಿಗೆ ‘ಫೆಲ್ಲಿಂಗ್’ ಪರ್ಮಿಷನ್ ಅನ್ನುವ ಮಾತು ಹೊಸದಲ್ಲ. ಆ ಫೆಲ್ಲಿಂಗ್ ಇದೇ. ಜೊತೆಗೆ ಫೀಲ್–ಫೆಲ್ಟ್ ಬಂದು ಸೇರಿಕೊಂಡು ‘ಐ ಫೆಲ್ ಸ್ಯಾಡ್’ ಅನ್ನುವ ಮಾತಾಗುತ್ತದೆ. ಬೇಸರವಾಯಿತು ಅನ್ನಲು ‘ಐ ಫೆಲ್ಟ್ ಸ್ಯಾಡ್’.

ಕಲಿ ಎಂದರೆ ಲರ್ನ್, ಕಲಿಸು ಎಂದರೆ ಟೀಚ್: ‘ಶಿ ಟಾಟ್ ಮಿ ಟೈಲರಿಂಗ್’. ನೆನಪಿರುವುದು ರಿಮೆಂಬರ್, ನೆನಪಿಸುವುದು ರಿಮೈಂಡ್: ‘ಪ್ಲೀಸ್ ರಿಮೈಂಡ್ ಮಿ ಟುಮಾರೋ’.

ಹಾಗಂತ ಕನ್ನಡದ ಪ್ರತಿ ‘ಇಸು’ಗೂ ಇಂಗ್ಲಿಷಿನಲ್ಲಿ ಬೇರೆ ಪದ ಹುಡುಕುತ್ತ ಹೋಗಬೇಡಿ. ಅಡಿಕೆ ಒಣಗಿತು, ಅಡಿಕೆ ಒಣಗಿಸಿದೆವು, ಎರಡಕ್ಕೂ ‘ಡ್ರೈಡ್’. ನೀರು ಕುದಿಯಿತು, ಕುದಿಸಿದೆ, ಎರಡಕ್ಕೂ ‘ಬಾಯ್ಲ್ಡ್’. ಬೇರೆ ಬೇರೆ ಪದ ಉಳಿದಿರುವುದು ಮೇಲಿನಂಥ ಕೆಲವು ಜೋಡಿಗಳಲ್ಲಿ ಮಾತ್ರ.

ಏಳನೇ ಹೆಜ್ಜೆ: ಕೇಳು, ನೋಡು, ಹೇಳು, ಮಾಡು, ಹಾಕು

ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಇದ್ದಾಗ ಆಯ್ಕೆ ಕಷ್ಟ. ‘ಕೇಳು’ ಮೂರಾಗುತ್ತದೆ. ಪ್ರಶ್ನೆ ಕೇಳಿದರೆ ಆಸ್ಕ್. ಸದ್ದು ತಾನಾಗಿ ಕಿವಿಗೆ ಬಿದ್ದರೆ ಹಿಯರ್–ಹರ್ಡ್–ಹರ್ಡ್: ‘ಐ ಹರ್ಡ್ ದ ರೇನ್ ಆನ್ ದ ಟೈಲ್ಸ್’. ಮನಸ್ಸಿಟ್ಟು ಆಲಿಸಿದರೆ ಲಿಸನ್ ಟು: ‘ವಿ ಲಿಸನ್ಡ್ ಟು ಭದ್ರಾವತಿ ಆಕಾಶವಾಣಿ’. ‘ನೋಡು’ ಕೂಡ ಹಾಗೆಯೇ. ಕಣ್ಣಿಗೆ ಬಿದ್ದರೆ ಸೀ, ಕಣ್ಣು ಹಾಯಿಸಿದರೆ ಲುಕ್ ಅಟ್, ನಡೆಯುತ್ತಿರುವುದನ್ನು ಕೂತು ನೋಡಿದರೆ ವಾಚ್. ಯಕ್ಷಗಾನ ರಾತ್ರಿಯಿಡೀ ‘ವಾಚ್’ ಮಾಡುತ್ತೇವೆ, ದಾರಿಯಲ್ಲಿ ನವಿಲನ್ನು ‘ಸೀ’ ಮಾಡುತ್ತೇವೆ.

‘ಹೇಳು’ವಿನಲ್ಲಿ ಯಾರಿಗೆ ಅನ್ನುವುದು ಮುಖ್ಯ. ಟೆಲ್ ಆದಮೇಲೆ ನೇರವಾಗಿ ವ್ಯಕ್ತಿ ಬರಬೇಕು: ‘ಹಿ ಟೋಲ್ಡ್ ಮಿ’. ಸೇ ಆದಮೇಲೆ ಮಾತು ಬರುತ್ತದೆ. ವ್ಯಕ್ತಿ ಬಂದರೆ ನಡುವೆ ಟು ಬೇಕು: ‘ಹಿ ಸೆಡ್ ದಟ್...’, ‘ಹಿ ಸೆಡ್ ಟು ಮಿ’. ‘ಹಿ ಸೆಡ್ ಮಿ’, ‘ಹಿ ಟೋಲ್ಡ್ ದಟ್’ ಎರಡೂ ತಪ್ಪು. ‘ಬಗ್ಗೆ ಚರ್ಚಿಸು’ ಅನ್ನುವ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಹುಟ್ಟುತ್ತದೆ, ಅಬೌಟ್ ಬೇಡ.

ಸಾಲದ ಮಾತಿಗೆ ಎರಡು ಪದ: ತಗೊಂಡವರು ಬಾರೋ ಮಾಡುತ್ತಾರೆ, ಕೊಟ್ಟವರು ಲೆಂಡ್ ಮಾಡುತ್ತಾರೆ. ‘ಐ ಬಾರೋಡ್ ಫ್ರಮ್ ದ ಸೊಸೈಟಿ, ದ ಸೊಸೈಟಿ ಲೆಂಟ್ ಮಿ’. ತಗೊಂಡು ಬಾ ಅಂದರೆ ಬ್ರಿಂಗ್, ತಗೊಂಡು ಹೋಗು ಅಂದರೆ ಟೇಕ್. ಇಲ್ಲಿ ಕನ್ನಡವನ್ನು ಪೂರ್ತಿ ನಂಬಬಹುದು.

‘ಮಾಡು’ ಮತ್ತು ‘ಹಾಕು’ ಇವೆರಡನ್ನು ಮಾತ್ರ ಸ್ವಲ್ಪವೂ ನಂಬಬಾರದು. ಕನ್ನಡದಲ್ಲಿ ಮಾಡದ ಕೆಲಸವಿಲ್ಲ. ಹೋಮ್‌ವರ್ಕ್ ಮಾಡುವುದಕ್ಕೆ ಡೂ, ಕಾಫಿ ಮಾಡುವುದಕ್ಕೆ ಮೇಕ್, ತಪ್ಪು ಮಾಡುವುದಕ್ಕೂ ಮೇಕ್. ಕೆಲಸ ನಡೆಸಿದರೆ ಡೂ, ಹೊಸದೊಂದು ಕೈಗೆ ಬಂದರೆ ಮೇಕ್ ಅನ್ನುವುದು ಹೆಚ್ಚು ಕಡೆ ಹೊಂದುತ್ತದೆ. ಆದರೆ ಸ್ನಾನ ಮಾಡು ಅಂದರೆ ಟೇಕ್ ಎ ಬಾತ್, ಊಟ ಮಾಡು ಅಂದರೆ ಈಟ್ ಅಥವಾ ಹ್ಯಾವ್, ನಿದ್ದೆ ಮಾಡು ಅಂದರೆ ಸ್ಲೀಪ್. ‘ಹಾಕು’ ಅಂದಕೂಡಲೇ ‘ಪುಟ್’ ಅನ್ನುವವರು ‘ಪುಟ್ ದ ಲಾಕ್’, ‘ಪುಟ್ ದ ಫ್ಯಾನ್’ ಅನ್ನುತ್ತಾರೆ. ಬೀಗ ಹಾಕು: ಲಾಕ್. ಫ್ಯಾನ್ ಹಾಕು: ಸ್ವಿಚ್ ಆನ್. ಬಾಗಿಲು ಹಾಕು: ಶಟ್ ದ ಡೋರ್. ಸಹಿ ಹಾಕು: ಸೈನ್. ಅರ್ಜಿ ಹಾಕು: ಅಪ್ಲೈ. ಗಿಡ ಹಾಕು: ಪ್ಲಾಂಟ್. ಸಾರಿಗೆ ಉಪ್ಪು ಹಾಕುವುದಕ್ಕೆ ಪುಟ್ ಆಗಬಹುದು, ಆ್ಯಡ್ ಇನ್ನೂ ಚೆನ್ನ.

ಸದ್ದಿನಿಂದ ಮೋಸ ಮಾಡುವ ಇನ್ನು ಕೆಲವು

ಲೂಝ್–ಲಾಸ್ಟ್–ಲಾಸ್ಟ್ ಅಂದರೆ ಕಳೆದುಕೊಳ್ಳು, ಸೋಲು. ಲೂಸ್ ಅಂದರೆ ಸಡಿಲ, ಅದು ಗುಣವಾಚಕ. ಬರೆಯುವಾಗ ಲೂಸ್‌ಗೆ ಎರಡು ‘ಓ’, ಲೂಝ್‌ಗೆ ಒಂದು. ಅಫೆಕ್ಟ್ ಸಾಮಾನ್ಯವಾಗಿ ಕ್ರಿಯಾಪದ, ಎಫೆಕ್ಟ್ ನಾಮಪದ: ಮಳೆ ಬೆಳೆಯನ್ನು ‘ಅಫೆಕ್ಟೆಡ್’, ಮಳೆಯ ‘ಎಫೆಕ್ಟ್’ ಬೆಳೆಯ ಮೇಲೆ ಕಂಡಿತು. ಅಡ್ವೈಝ್ ಸಲಹೆ ಕೊಡುವುದು, ಅಡ್ವೈಸ್ ಸಲಹೆ. ಅಕ್ಸೆಪ್ಟ್ ಒಪ್ಪುವುದು, ಎಕ್ಸೆಪ್ಟ್ ಹೊರತು. ಅಡ್ಯಾಪ್ಟ್ ಹೊಂದಿಕೊಳ್ಳುವುದು, ನಡುವಿನ ‘ಎ’ ಜಾಗದಲ್ಲಿ ‘ಓ’ ಇರುವ ಅಡಾಪ್ಟ್ ದತ್ತು ಪಡೆಯುವುದು, ಸ್ವೀಕರಿಸುವುದು.

ಫೈಂಡ್–ಫೌಂಡ್–ಫೌಂಡ್ ಅಂದರೆ ಕಂಡುಹಿಡಿ. ಫೌಂಡ್–ಫೌಂಡೆಡ್–ಫೌಂಡೆಡ್ ಅಂದರೆ ಸ್ಥಾಪಿಸು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು 1957ರಲ್ಲಿ ಪತ್ತೆಹಚ್ಚಿದರು: ‘ದ ಡಿಸೀಝ್ ವಾಝ್ ಫೌಂಡ್’. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಸ್ಥಾಪನೆಯಾಯಿತು: ‘ದ ಯೂನಿವರ್ಸಿಟಿ ವಾಝ್ ಫೌಂಡೆಡ್’. ಹ್ಯಾಂಗ್‌ಗೂ ಎರಡು ಭೂತರೂಪ. ಬಟ್ಟೆ, ಚಿತ್ರಪಟ ತೂಗುಹಾಕಿದರೆ ‘ಹಂಗ್’. ಗಲ್ಲಿಗೇರಿಸುವ ಅರ್ಥದಲ್ಲಿ ಮಾತ್ರ ‘ಹ್ಯಾಂಗ್ಡ್’.

ಎಂಟನೇ ಹೆಜ್ಜೆ: ರೂಢಿಗೆ ತರುವುದು

ರಾತ್ರಿ ಮಲಗುವ ಮುಂಚೆ ಆ ದಿನ ನಡೆದದ್ದನ್ನು ಐದಾರು ವಾಕ್ಯದಲ್ಲಿ ಕನ್ನಡದಲ್ಲೇ ಬರೆಯಿರಿ. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ಇಷ್ಟು ಕೇಳಿಕೊಳ್ಳಿ: ಯಾವಾಗ ನಡೆದದ್ದು? ‘-ಲಿಲ್ಲ’ ಇದೆಯೇ? ‘ಇಸು’ ಇದೆಯೇ? ಮಾಡು, ಹಾಕು, ಕೇಳು ಇದ್ದರೆ ನಿಜವಾಗಿ ಏನು ನಡೆಯಿತು? ಆಮೇಲೆ ಇಂಗ್ಲಿಷಿನಲ್ಲಿ ಬರೆದು ಜೋರಾಗಿ ಓದಿ. ಹೋಮ್‌ಸ್ಟೇ ನಡೆಸುವವರು ಅತಿಥಿಗಳು ದಿನಾ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಇದೇ ರೀತಿ ಸಿದ್ಧಮಾಡಿಕೊಳ್ಳಬಹುದು. ಯಾರಾದರೂ ತಿದ್ದಿದರೆ ತಿದ್ದಿದ ರೂಪವನ್ನು ಅಲ್ಲೇ ಒಮ್ಮೆ ಪೂರ್ತಿ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಮಕ್ಕಳನ್ನು ಮಾತಿನ ನಡುವೆ ತಡೆದು ತಿದ್ದಬೇಡಿ. ಅವರು ಹೇಳಿ ಮುಗಿಸಿದ ಮೇಲೆ ಸರಿಯಾದ ರೂಪದಲ್ಲಿ ನೀವೇ ಅದನ್ನು ತಿರುಗಿ ಹೇಳಿದರೆ ಸಾಕು.

ಈಗ ಒಂದು ಪರೀಕ್ಷೆ. ಕೆಳಗಿನ ಸಾಲುಗಳಲ್ಲಿ ತಪ್ಪು ಹುಡುಕಿ, ಉತ್ತರ ನೋಡುವ ಮುಂಚೆ ತಿದ್ದಿ ಬರೆಯಿರಿ.

‘ಯೆಸ್ಟರ್ಡೇ ವಿ ಹ್ಯಾಡ್ ಗಾನ್ ಟು ಜೋಗ್. ಮೈ ಬ್ರದರ್ ಸೆಡ್ ಮಿ ದಟ್ ಇಟ್ ವಿಲ್ ರೇನ್, ಬಟ್ ವಿ ಡಿಡ್ ನಾಟ್ ಟುಕ್ ಅವರ್ ರೇನ್‌ಕೋಟ್ಸ್. ವಿ ಸೀನ್ ದ ಫಾಲ್ಸ್ ಅಂಡ್ ಲೇಡ್ ಆನ್ ದ ಗ್ರಾಸ್. ಐ ಹ್ಯಾಡ್ ಬಾಟ್ ಮೈ ಸಿಸ್ಟರ್ಸ್ ಬ್ಯಾಗ್ ಫ್ರಮ್ ಹೋಮ್ ಅಂಡ್ ಐ ಲೂಸ್ಡ್ ಇಟ್ ದೇರ್. ಶಿ ಫೆಲ್ ವೆರಿ ಸ್ಯಾಡ್.’

ಮೊದಲ ವಾಕ್ಯದಲ್ಲಿ ಒಂದೇ ಸಂಗತಿ, ಮುಗಿದ ಕಾಲ, ಆದ್ದರಿಂದ ‘ವಿ ವೆಂಟ್’. ಅಣ್ಣ ಹೇಳಿದ್ದು ನನಗೆ, ‘ಟೋಲ್ಡ್ ಮಿ’. ಹೇಳಿದ್ದು ನಿನ್ನೆಯಾದ್ದರಿಂದ ‘ವಿಲ್’ ಹೋಗಿ ‘ವುಡ್ ರೇನ್’. ತಗೊಂಡು ಹೋಗಲಿಲ್ಲ, ‘-ಲಿಲ್ಲ’ ಇದೆ, ‘ಡಿಡ್ ನಾಟ್ ಟೇಕ್’. ‘ಸೀನ್’ ಒಂಟಿಯಾಗಿ ನಿಲ್ಲದು, ‘ಸಾ’. ಹುಲ್ಲಿನ ಮೇಲೆ ನಾವೇ ಒರಗಿದ್ದು, ಏನನ್ನೂ ಹಾಸಲಿಲ್ಲ, ‘ಲೇ’. ಬ್ಯಾಗನ್ನು ಮನೆಯಿಂದ ತಂದದ್ದು, ಕೊಂಡದ್ದಲ್ಲ, ‘ಬ್ರಾಟ್’. ಅಲ್ಲಿರುವ ‘ಹ್ಯಾಡ್’ ಮಾತ್ರ ಸರಿಯಾಗಿದೆ, ಏಕೆಂದರೆ ತಂದದ್ದು ಮೊದಲು, ಕಳೆದದ್ದು ಆಮೇಲೆ. ಕಳೆದುಕೊಂಡದ್ದಕ್ಕೆ ‘ಲಾಸ್ಟ್’. ತಂಗಿ ಬೀಳಲಿಲ್ಲ, ಬೇಸರಪಟ್ಟಳು: ‘ಶಿ ಫೆಲ್ಟ್ ವೆರಿ ಸ್ಯಾಡ್’.